ಮೊದಲು ಬುಷ್, ಆಮೇಲೆ ಶಾರ್ಟ್ ಶಿಫ್ಟರ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಶಾರ್ಟ್ ಶಿಫ್ಟರ್ (ಗೇರ್ ಬದಲಿಸುವಾಗ ಕೈ ಸರಿಯಬೇಕಾದ ದೂರವನ್ನು ಕಡಿಮೆ ಮಾಡುವ ಗೇರ್ ಲಿವರ್) ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಹೊಸ ಕಾರುಗಳ ಬಣ್ಣ, ಬೆಲೆ, ಮೈಲೇಜುಗಳ ಆಚೆಗೆ ಹೋಗಿ, ಗೇರ್ ಲಿವರಿನ ಬುಡದಲ್ಲಿ ಏನಿದೆ ಎಂಬುದಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಮೀಸಲಿಡುವುದು ಅಪರೂಪ. ಅದಕ್ಕಾಗಿ ಮೊದಲಿಗೆ ನಿಮ್ಮನ್ನೂ ಲೇಖಕರನ್ನೂ ಅಭಿನಂದಿಸುತ್ತೇನೆ. ಆದರೆ ಲೇಖನದ ನಡುವೆ ಬಂದಿರುವ ಒಂದು ಮಾತು, ಅಂದರೆ ಹಳೆಯ ಕಾರಿನಲ್ಲಿ ಗೇರ್ ಲಿವರ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಶಾರ್ಟ್ ಶಿಫ್ಟರ್ ಹಾಕಿಸಿದರೆ ಸರಿಹೋಗುತ್ತದೆ ಎಂಬ ಸಲಹೆ, ಪೂರ್ತಿ ತಪ್ಪು. ಮೊದಲು ನೋಡಬೇಕಾದದ್ದು ಲಿವರಿನ ಕೂಡಿಕೆಗಳಲ್ಲಿ ಕೂರುವ ಬುಷ್ ಎಂಬ ಸಣ್ಣ ಬಳೆಗಳನ್ನು. ಮೂರು ದಶಕ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿದವನಾಗಿ ಮಾತ್ರವಲ್ಲ, ಇದೇ ಸಲಹೆಯನ್ನು ಸ್ವಂತ ಕಾರಿನ ಮೇಲೆ ಪ್ರಯೋಗಿಸಿ ಘಾಟಿಯ ನಡುವೆ ಬೆವರಿದವನಾಗಿಯೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ದಯವಿಟ್ಟು ಲೆಕ್ಕದ ಭಾಗವನ್ನು ಉಳಿಸಿಕೊಳ್ಳಿ.

ಗೇರ್ ಲಿವರ್ ಎಂದರೆ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಸನ್ನೆಯೇ ಹೊರತು ಬೇರೇನಲ್ಲ. ಹಾರೆಯಿಂದ ಬಂಡೆ ಮೀಟಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹಾರೆಗೆ ಆನಿಕೆಯಾಗಿ ಇಟ್ಟ ಸಣ್ಣ ಕಲ್ಲನ್ನು ಬಂಡೆಯ ಹತ್ತಿರಕ್ಕೆ ಸರಿಸಿದಷ್ಟೂ ಕೈಗೆ ಹಗುರವಾಗುತ್ತದೆ, ಆದರೆ ಕೈ ಹೆಚ್ಚು ದೂರ ಇಳಿಯಬೇಕಾಗುತ್ತದೆ. ಆ ಕಲ್ಲನ್ನು ನಮ್ಮ ಕಡೆಗೆ ಎಳೆದುಕೊಂಡರೆ ಕೈಯ ಓಡಾಟ ಕಡಿಮೆಯಾಗುತ್ತದೆ, ಆದರೆ ರಟ್ಟೆ ಸೋಲುತ್ತದೆ. ಕಾರಿನಲ್ಲಿ ಲಿವರಿನ ನಡುವೆ ಇರುವ ಗುಂಡೇ ಆನಿಕೆ. ಗುಂಡಿನಿಂದ ಮೇಲಕ್ಕೆ, ನಾವು ಹಿಡಿಯುವ ಗುಬುಟಿನವರೆಗೆ 240 ಮಿಲಿಮೀಟರ್ ಇದೆ, ಕೆಳಕ್ಕೆ ಕೇಬಲ್ ಅಥವಾ ರಾಡ್ ಸೇರುವ ತುದಿಯವರೆಗೆ 60 ಮಿಲಿಮೀಟರ್ ಇದೆ ಎಂದಿಟ್ಟುಕೊಳ್ಳೋಣ. ಆಗ ಅನುಪಾತ ನಾಲ್ಕಕ್ಕೆ ಒಂದು. ಗೇರ್ ಬೀಳಲು ಕೆಳತುದಿ 15 ಮಿಲಿಮೀಟರ್ ಸರಿಯಬೇಕಿದ್ದರೆ ನಮ್ಮ ಕೈ 60 ಮಿಲಿಮೀಟರ್ ಹೋಗಬೇಕು. ಶಾರ್ಟ್ ಶಿಫ್ಟರ್ ತಯಾರಿಸುವವರು ಮಾಡುವುದಿಷ್ಟೇ: ಕೆಳಗಿನ ಭಾಗವನ್ನು 60ರ ಬದಲು 80 ಮಿಲಿಮೀಟರ್ ಉದ್ದ ಮಾಡುತ್ತಾರೆ, ಇಲ್ಲವೇ ಮೇಲಿನ ಭಾಗವನ್ನು ಗಿಡ್ಡ ಮಾಡುತ್ತಾರೆ. 80 ಮಾಡಿದರೆ ಅನುಪಾತ ಮೂರಕ್ಕೆ ಒಂದಾಗಿ, ಕೈಯ ಓಟ 60ರಿಂದ 45 ಮಿಲಿಮೀಟರಿಗೆ ಇಳಿಯುತ್ತದೆ. ನಿಮ್ಮ ಲೇಖಕರು ಹೇಳಿದ ಕಾಲು ಭಾಗದ ಉಳಿತಾಯ ಇದೇ, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಕೆಲಸಕ್ಕೆ ಕೈ ಹಾಕಬೇಕಾದ ಬಲ ಮೂರರಲ್ಲಿ ಒಂದು ಪಾಲು ಹೆಚ್ಚಾಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ದಿನಕ್ಕೆ ನೂರಾರು ಸಲ ಗೇರ್ ಬದಲಿಸುವವರ ಭುಜಕ್ಕೆ ಈ ಒಂದು ಪಾಲು ಸಣ್ಣದಲ್ಲ.

ಗೇರ್ ‘ಬೇಗ ಬೀಳುತ್ತದೆ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಲಿವರ್ ಬದಲಾಯಿತೆಂದು ಗೇರ್ ಬಾಕ್ಸಿನ ಒಳಗೆ ಏನೂ ಬದಲಾಗುವುದಿಲ್ಲ. ಗೇರನ್ನು ಕೂಡಿಸಲು ಫೋರ್ಕ್ ಎಂಬ ಕವಲುತೋಳು ತಳ್ಳುವ ಸ್ಲೀವ್ ಎಂಬ ಬಳೆ ಸರಿಯಬೇಕಾದ ದೂರ ಮೊದಲಿನಷ್ಟೇ ಇರುತ್ತದೆ. ಸಿಂಕ್ರೊನೈಸರ್ ಉಂಗುರವು ಗೇರಿನ ಶಂಕುವಿನಾಕಾರದ ಮೈಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುವ ತನಕ ಹಲ್ಲಿಗೆ ಹಲ್ಲು ಕೂಡುವಂತಿಲ್ಲ, ಆ ಉಜ್ಜಾಟಕ್ಕೆ ಬೇಕಾದ ಕ್ಷಣಕಾಲವನ್ನು ಯಾವ ಲಿವರೂ ಕದಿಯಲಾರದು. ನಿಜ ಹೇಳಬೇಕೆಂದರೆ, ಶಾರ್ಟ್ ಶಿಫ್ಟರ್ ಹಾಕಿಸಿಯೂ ಕೈಯ ಬಲವನ್ನು ಮೊದಲಿನಷ್ಟೇ ಇಟ್ಟರೆ ಉಂಗುರದ ಮೇಲಿನ ಒತ್ತಡ ಕಡಿಮೆಯಾಗಿ, ಗೇರ್ ಒಂದು ಕೂದಲೆಳೆಯಷ್ಟು ತಡವಾಗಿಯೇ ಬೀಳುತ್ತದೆ. ‘ಶಾರ್ಟ್ ಶಿಫ್ಟರ್ ಸಿಂಕ್ರೊ ತಿನ್ನುತ್ತದೆ’ ಎಂದು ಹಳೆಯ ಮೆಕ್ಯಾನಿಕ್‌ಗಳು ಗೊಣಗುವುದರಲ್ಲಿ ಅರ್ಧ ಮಾತ್ರ ಸತ್ಯವಿದೆ. ತಿನ್ನುವುದು ಲಿವರಲ್ಲ, ಹೊಸ ಲಿವರ್ ಬಂದಿದೆ ಎಂದು ಕ್ಲಚ್ ಪೂರ್ತಿ ಒತ್ತುವ ಮೊದಲೇ ಜಗ್ಗುವ ಅವಸರದ ಕೈ.

ಇನ್ನು ಸಡಿಲದ ವಿಷಯ. ನಾನು ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಲಿವರಿನಿಂದ ಗೇರ್ ಬಾಕ್ಸಿನವರೆಗಿನ ದಾರಿಯಲ್ಲಿ ಲೋಹ ಲೋಹಕ್ಕೆ ತಾಗದಂತೆ ಕೂಡಿಕೆಗಳಲ್ಲೆಲ್ಲ ಸಣ್ಣ ಬಳೆಗಳನ್ನು ಕೂರಿಸಿರುತ್ತಾರೆ. ಇವೇ ಬುಷ್‌ಗಳು. ಕೆಲವು ನೈಲಾನಿನವು, ಕೆಲವು ರಬ್ಬರಿನವು. ಹಳೆಯ ಮಾರುತಿ 800ರಂತಹ ರಾಡ್ ಗೇರಿನ ಕಾರುಗಳಲ್ಲಿ ಇವು ಕಾರಿನ ಹೊಟ್ಟೆಯಡಿಯಲ್ಲಿ, ಕೆಸರು ನೀರು ಸಿಡಿಯುವ ಜಾಗದಲ್ಲಿರುತ್ತವೆ. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎರಡು ಕೇಬಲ್‌ಗಳಿರುತ್ತವೆ: ಲಿವರನ್ನು ಹಿಂದೆ ಮುಂದೆ ಆಡಿಸಿದಾಗ ಗೇರ್ ಹಾಕಲು ಒಂದು, ಎಡಬಲಕ್ಕೆ ಸರಿಸಿದಾಗ ಗೇರಿನ ಸಾಲನ್ನು ಆರಿಸಲು ಇನ್ನೊಂದು. ಆ ಕೇಬಲ್‌ಗಳ ಎರಡೂ ತುದಿಯ ಕಣ್ಣುಗಳಲ್ಲಿ (ಪಿನ್ನು ತೂರುವ ತೂತುಗಳಲ್ಲಿ), ಲಿವರ್ ಗುಂಡಿನ ಸುತ್ತ, ಗೇರ್ ಬಾಕ್ಸಿನ ಮೇಲಿನ ತಿರುಗುತೋಳಿನಲ್ಲಿ ಬುಷ್‌ಗಳಿರುತ್ತವೆ. ಎಂಜಿನ್ನಿನ ಕಾವಿಗೆ ಗ್ರೀಸ್ ಒಣಗಿ, ಅದಕ್ಕೆ ಧೂಳು ಸೇರಿ ಉಪ್ಪುಕಾಗದದಂತಾಗಿ, ಹತ್ತು ಹನ್ನೆರಡು ವರ್ಷಗಳಲ್ಲಿ ಬುಷ್ ಒಂದು ಕಡೆಗೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಲಿವರ್ ನ್ಯೂಟ್ರಲ್‌ನಲ್ಲಿ ಬೆಟ್ಟದ ಮೇಲಿನ ಬಾವುಟದಂತೆ ಆಡುತ್ತದೆ. ಮೆಕ್ಯಾನಿಕ್‌ಗಳು ‘ಪ್ಲೇ ಬಂದಿದೆ’ ಎನ್ನುತ್ತಾರೆ.

ಈಗ ಲೆಕ್ಕ. ಕೆಳಗಿನ ಕೂಡಿಕೆಯಲ್ಲಿ ಒಂದು ಮಿಲಿಮೀಟರ್ ಪ್ಲೇ ಇದ್ದರೆ, ನಾಲ್ಕಕ್ಕೆ ಒಂದರ ಲಿವರಿನಲ್ಲಿ ಅದು ಗುಬುಟಿನ ಬಳಿ ನಾಲ್ಕು ಮಿಲಿಮೀಟರ್ ಆಗಿ ಕಾಣುತ್ತದೆ. ಶಾರ್ಟ್ ಶಿಫ್ಟರ್ ಹಾಕಿದರೆ ಅದೇ ಪ್ಲೇ ಮೂರು ಮಿಲಿಮೀಟರಿಗೆ ಇಳಿಯುತ್ತದೆ. ನಿಮ್ಮ ಲೇಖಕರು ‘ಸಡಿಲ ಹೋಯಿತು’ ಎಂದು ನಂಬಿದ್ದು ಇದನ್ನೇ ಕಂಡು ಇರಬೇಕು. ಆದರೆ ಕೈಯ ಒಟ್ಟು ಓಟವೂ ಕುಗ್ಗಿದೆಯಲ್ಲವೇ? 60ರಲ್ಲಿ ನಾಲ್ಕು ಎಂದರೆ ಹದಿನೈದರಲ್ಲಿ ಒಂದು ಪಾಲು. 45ರಲ್ಲಿ ಮೂರು ಎಂದರೂ ಹದಿನೈದರಲ್ಲಿ ಒಂದು ಪಾಲೇ. ಸಡಿಲ ಎಲ್ಲಿಗೂ ಹೋಗಿಲ್ಲ, ಅಳತೆಗೋಲು ಗಿಡ್ಡವಾಗಿದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಕೇಬಲ್ ಗೇರಿನ ಕಾರುಗಳಿಗೆ ಸಿಗುವ ಅನೇಕ ಕಿಟ್‌ಗಳು ಹಿಂದೆ ಮುಂದೆ ಹೋಗುವ ಓಟವನ್ನು ಮಾತ್ರ ಕಡಿಮೆ ಮಾಡುತ್ತವೆ. ಎಡಬಲದ ಕೇಬಲಿನ ಗೊಡವೆಗೆ ಹೋಗುವುದಿಲ್ಲ. ಹಾಗಾಗಿ ಆ ಕಡೆಯ ಬುಷ್ ಸವೆದಿದ್ದರೆ ಕಿಟ್ ಹಾಕಿದ ಮೇಲೂ ಅದು ಸವೆದೇ ಇರುತ್ತದೆ. ಚಾಲಕನಿಗೆ ಮಾತ್ರ ಲಿವರ್ ಚುರುಕಾದದ್ದರಿಂದ ಎಲ್ಲ ಸರಿಯಾಯಿತು ಎಂಬ ಧೈರ್ಯ ಬಂದಿರುತ್ತದೆ.

ಆ ಧೈರ್ಯದಲ್ಲಿಯೇ ನಾವು ಆಗುಂಬೆ ಘಾಟಿ ಹತ್ತಿದ್ದು. ಹನ್ನೊಂದು ವರ್ಷ ಹಳೆಯ ನಮ್ಮ ಸಣ್ಣ ಕಾರಿನ ಗೇರ್ ಲಿವರ್ ಸಡಿಲವಾಗಿದೆ ಎಂದು ಸರ್ವಿಸ್ ಕೇಂದ್ರವೊಂದಕ್ಕೆ ಒಯ್ದಾಗ, ಲಿವರ್ ಮತ್ತು ಎರಡೂ ಕೇಬಲ್‌ಗಳನ್ನು ಪೂರ್ತಿ ಬದಲಿಸಬೇಕು, ಕೂಲಿ ಸೇರಿ ಹದಿನಾಲ್ಕು ಸಾವಿರದ ಆಸುಪಾಸು ಆಗುತ್ತದೆ ಎಂದಿದ್ದರು. ಬುಷ್ ಮಾತ್ರ ಹಾಕಿಕೊಡಿ ಎಂದು ಕೇಳಿದ್ದಕ್ಕೆ, ಅದು ಬಿಡಿಯಾಗಿ ಬರುವುದಿಲ್ಲ ಸಾರ್ ಎಂಬ ಉತ್ತರ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಅದರ ಅರ್ಧಕ್ಕೂ ಕಡಿಮೆ ದುಡ್ಡಿಗೆ ಶಾರ್ಟ್ ಶಿಫ್ಟರ್ ಕಿಟ್ ತರಿಸಿ, ಒಂದು ಶನಿವಾರ ಮನೆಯಂಗಳದಲ್ಲೇ ಕೂರಿಸಿದ. ಶಿವಮೊಗ್ಗದ ರಸ್ತೆಗಳಲ್ಲಿ ಗೇರ್ ಟಕಟಕನೆ ಬೀಳುವುದನ್ನು ಕಂಡು, ವಯಸ್ಸಾದ ಮೇಷ್ಟ್ರಿಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮುಂದಿನ ತಿಂಗಳು ಉಡುಪಿಯಿಂದ ಹಿಂದಿರುಗುವಾಗ, ಸೋಮೇಶ್ವರದ ಕಡೆಯಿಂದ ಘಾಟಿ ಏರುತ್ತಿದ್ದೆವು. ಆ ದಾರಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ. ಅರ್ಧ ಘಾಟಿ ಏರಿದ ಮೇಲೆ ಒಂದು ತಿರುವಿನಲ್ಲಿ, ಮೇಲಿನಿಂದ ಇಳಿಯುವ ಮಿನಿ ಬಸ್ಸಿಗೆ ದಾರಿ ಬಿಟ್ಟು, ಮೂರನೆಯ ಗೇರಿನಿಂದ ಎರಡಕ್ಕೆ ಎಳೆದೆ. ಎರಡನೆಯ ಗೇರ್ ಇರುವುದು ಎಡಸಾಲಿನ ಕೆಳಗೆ. ಲಿವರ್ ತಾನಾಗಿ ನಿಲ್ಲಲು ಬಯಸುವುದು ಮೂರು ಮತ್ತು ನಾಲ್ಕರ ನಡುಸಾಲಿನಲ್ಲಿ, ಸ್ಪ್ರಿಂಗ್ ಅದನ್ನು ಅಲ್ಲಿಗೇ ದೂಡುತ್ತಿರುತ್ತದೆ. ನನ್ನ ಕೈ ಎಡಕ್ಕೆ ಹೋದದ್ದು ನಿಜ, ಆದರೆ ಸವೆದ ಬುಷ್ ಆ ಚಲನೆಯನ್ನು ನುಂಗಿಕೊಂಡು, ಗೇರ್ ಬಾಕ್ಸಿನ ತೋಳು ನಡುಸಾಲಿನಲ್ಲೇ ಉಳಿಯಿತು. ಎರಡರ ಬದಲು ನಾಲ್ಕು ಬಿತ್ತು. ಕ್ಲಚ್ ಬಿಟ್ಟೊಡನೆ ಎಂಜಿನ್ ನಡುಗಿ ನಿಂತುಹೋಯಿತು, ಕಾರು ಹಿಂದಕ್ಕೆ ಒಂದು ಮಾರು ಜಾರಿತು. ಹ್ಯಾಂಡ್‌ಬ್ರೇಕ್ ಎಳೆದು, ಸ್ಟಾರ್ಟ್ ಮಾಡಿ, ಒಂದನೆಯ ಗೇರಿನಲ್ಲೇ ಉಳಿದ ತಿರುವುಗಳನ್ನು ಹತ್ತಿದೆವು. ಮನೆಯವರು ಆಗುಂಬೆ ತಲುಪುವವರೆಗೆ ಮಾತಾಡಲಿಲ್ಲ.

ಹತ್ತುವಾಗ ಹೀಗಾದರೆ ಎಂಜಿನ್ ನಿಲ್ಲುತ್ತದೆ ಅಷ್ಟೇ. ಹೆದ್ದಾರಿಯಲ್ಲಿ ಐದರಿಂದ ನಾಲ್ಕಕ್ಕೆ ತರಲು ಹೋಗಿ ಲಿವರ್ ಎಡಸಾಲಿಗೆ ದಾಟಿ ಎರಡು ಬಿದ್ದರೆ ಎಂಜಿನ್ ಇರಬೇಕಾದ ವೇಗದ ಸುಮಾರು ಎರಡು ಪಟ್ಟು ತಿರುಗಬೇಕಾಗುತ್ತದೆ. ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ನಿಲ್ಲಿಸಬಲ್ಲದೇ ಹೊರತು, ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸುವಾಗ ಅದೂ ಕೈಕಟ್ಟಿ ಕೂರಬೇಕಾಗುತ್ತದೆ. ವಾಲ್ವ್ ಬಾಗುವುದು ಇಂಥ ಹೊತ್ತಿನಲ್ಲಿಯೇ.

ಮನೆಗೆ ಬಂದ ಮರುದಿನ ಬಾನೆಟ್ ಎತ್ತಿ ನೋಡಿದಾಗ ದೋಷ ಕಾಣಲು ಐದು ನಿಮಿಷವೂ ಬೇಕಾಗಲಿಲ್ಲ. ಗೇರ್ ಬಾಕ್ಸಿನ ಮೇಲೆ, ಸಾಲು ಆರಿಸುವ ಕೇಬಲಿನ ಕಣ್ಣಿನಲ್ಲಿ ನೈಲಾನ್ ಬುಷ್ ಸೀಳಿ ಅರ್ಧ ಉದುರಿಹೋಗಿತ್ತು. ವರ್ನಿಯರ್ ಹಿಡಿದು ಅಳೆದೆ: ಪಿನ್ನಿನ ದಪ್ಪ 8 ಮಿಲಿಮೀಟರ್, ಕಣ್ಣಿನ ಒಳವ್ಯಾಸ 12 ಮಿಲಿಮೀಟರ್. ನಡುವೆ ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ದಪ್ಪ ಇರಬೇಕಾದ ಗೋಡೆಯಲ್ಲಿ ಒಂದು ಬದಿ ಕಾಗದದಷ್ಟು ತೆಳ್ಳಗಾಗಿತ್ತು, ಇನ್ನೊಂದು ಬದಿ ಇರಲೇ ಇಲ್ಲ. ಪಿನ್ನು ಆ ತೂತಿನಲ್ಲಿ ಗಂಟೆಯ ನಾಲಗೆಯಂತೆ ತೂಗಾಡುತ್ತಿತ್ತು. ಅದನ್ನು ಚೀಟಿಯಲ್ಲಿ ಕಟ್ಟಿಕೊಂಡು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸರಳಿನ ತುಂಡೊಂದನ್ನು ಲೇತಿನ ಹಿಡಿತಕ್ಕೆ ಕಚ್ಚಿಸಿ, ಹೊರಮೈಯನ್ನು ಕಣ್ಣಿಗೆ ಒತ್ತಿ ಕೂರುವ ಅಳತೆಗೆ ಕಡೆದು, ಒಳಗೆ ಪಿನ್ನಿಗಿಂತ ಒಂದು ಎಳೆಯಷ್ಟು ಮಾತ್ರ ದೊಡ್ಡ ರಂಧ್ರ ಕೊರೆದ. ಬಿಳಿಯ ಸುರುಳಿ ಸುರುಳಿ ಹೊಟ್ಟು ಲೇತಿನ ಮೇಲೆ ಶಾವಿಗೆಯಂತೆ ಬಿದ್ದಿತ್ತು. ಎಷ್ಟಪ್ಪಾ ಎಂದು ಕೇಳಿದ್ದಕ್ಕೆ, ‘ಇದಕ್ಕೇನ್ ಸಾರ್ ತಗೊಳ್ಳೋದು, ಟೀಗೆ ಕೊಡಿ’ ಎಂದ. ನೂರೈವತ್ತು ರೂಪಾಯಿ ಕೊಟ್ಟು ಬಂದೆ. ಅಂದಿನಿಂದ ಎರಡನೆಯ ಗೇರ್ ತನ್ನ ಮನೆ ತಪ್ಪಿಲ್ಲ.

ಈ ಪರೀಕ್ಷೆಗೆ ಯಾವ ಗ್ಯಾರೇಜೂ ಬೇಕಿಲ್ಲ ಎಂಬುದನ್ನು ಓದುಗರಿಗೆ ತಿಳಿಸಬೇಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಒಳಗೆ ಕೂತು ಲಿವರನ್ನು ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಆಡಿಸಬೇಕು; ಇನ್ನೊಬ್ಬರು ಬಾನೆಟ್ ಎತ್ತಿ ಗೇರ್ ಬಾಕ್ಸಿನ ಮೇಲಿನ ತೋಳುಗಳನ್ನು ನೋಡುತ್ತಿರಬೇಕು. ಒಳಗೆ ಲಿವರ್ ಆಡುತ್ತಿದ್ದು ಹೊರಗೆ ತೋಳು ಅಲುಗದಿದ್ದರೆ ಸಡಿಲ ಇರುವುದು ಆ ಎರಡರ ನಡುವಿನ ದಾರಿಯಲ್ಲಿಯೇ, ಗೇರ್ ಬಾಕ್ಸಿನ ಒಳಗಲ್ಲ. ಕೇಬಲಿನ ಕಣ್ಣು ಸರಿದು ಪಿನ್ನು ಸರಿಯದಿದ್ದರೆ ತಪ್ಪು ಬುಷ್‌ನದೇ ಎಂದು ತಿಳಿದಂತೆ. ತೋಳು ಸರಿಯಾಗಿಯೇ ಚಲಿಸುತ್ತಿದ್ದೂ ಗೇರ್ ಬೀಳದಿದ್ದರೆ, ಅಥವಾ ಬಿದ್ದ ಗೇರ್ ಓಡುವಾಗ ಜಾರಿ ಹೊರಬರುತ್ತಿದ್ದರೆ, ಆಗ ಮಾತ್ರ ಕ್ಲಚ್ಚಿನ ಕಡೆಗೂ ಗೇರ್ ಬಾಕ್ಸಿನ ಒಳಗೂ ನೋಡಬೇಕು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ತಾನೇ ಹಿಂದೆ ಮುಂದೆ ಹಾರುವುದು ಬೇರೆ ಕಾಯಿಲೆ; ಅದು ಎಂಜಿನ್ ಮೌಂಟಿನದು, ಅಂದರೆ ಎಂಜಿನ್ನನ್ನು ಹಿಡಿದಿರುವ ರಬ್ಬರ್ ಆಸರೆಯದು, ರಾಡ್ ಗೇರಿನ ಕಾರುಗಳಲ್ಲಿ ಹೆಚ್ಚು ಕಾಣುತ್ತದೆ. ‘ಗೇರ್ ಬಾಕ್ಸ್ ಇಳಿಸಬೇಕು’ ಎಂಬ ಮಾತನ್ನು ಒಪ್ಪುವ ಮೊದಲು ಈ ಹತ್ತು ನಿಮಿಷವನ್ನು ಯಾರೂ ಉಳಿಸಬಾರದು.

ನಾನು ಶಾರ್ಟ್ ಶಿಫ್ಟರಿನ ವೈರಿಯಲ್ಲ; ನಮ್ಮ ಕಾರಿನಲ್ಲಿ ಅದು ಈಗಲೂ ಇದೆ. ಬುಷ್‌ಗಳೆಲ್ಲ ಗಟ್ಟಿಯಾಗಿದ್ದು, ಓಟ ಕಡಿಮೆಯಿರುವುದು ತಮಗೆ ಇಷ್ಟ ಎನ್ನುವವರು ಧಾರಾಳವಾಗಿ ಹಾಕಿಸಲಿ. ಆದರೆ ಕೂರಿಸುವವರು ಅವಸರ ಮಾಡಬಾರದು. ಹಲವು ಕಾರುಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಗೇರ್ ಲಿವರಿನ ಪಕ್ಕದಲ್ಲೇ ನೆಲಕ್ಕೆ ಬಿಗಿದಿರುತ್ತದೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಂಪನಿಯ ಕೈಪಿಡಿ ಹೇಳುವಷ್ಟು ಹೊತ್ತು ಕಾದ ನಂತರವೇ ಲಿವರಿನ ಸುತ್ತಲಿನ ಹೊದಿಕೆಗೆ, ಅಂದರೆ ಕನ್ಸೋಲಿಗೆ, ಕೈಹಾಕಬೇಕು. ಕೇಬಲಿನ ತುದಿಯ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟುವಾಗ ಅದು ಹಾರಿ ಹೋಗದಂತೆ ಬಟ್ಟೆ ಹಿಡಿಯಬೇಕು. ನಮ್ಮಂಗಳದ ದಾಸವಾಳದ ಬುಡದಲ್ಲಿ ಒಂದು ಕ್ಲಿಪ್ ಇನ್ನೂ ಎಲ್ಲೋ ಇದೆ. ಲಿವರ್ ಕೂರಿಸಿದ ಮೇಲೆ ಕನ್ಸೋಲ್ ಮುಚ್ಚುವ ಮೊದಲು ಎಂಜಿನ್ ಆರಿಸಿಯೇ ಎಲ್ಲ ಗೇರುಗಳನ್ನೂ, ವಿಶೇಷವಾಗಿ ರಿವರ್ಸ್ ಗೇರನ್ನೂ ಹಾಕಿ ತೆಗೆದು ನೋಡಬೇಕು, ಮುಚ್ಚಿದ ಮೇಲೆ ಮತ್ತೆ ನೋಡಬೇಕು. ಉದ್ದವಾದ ಕೆಳತುದಿ ಎಲ್ಲಾದರೂ ತಗಲಿದರೆ ಅಥವಾ ಲಿವರಿನ ಬುಡ ಮುಚ್ಚುವ ಚರ್ಮದ ಚೀಲ ಬಿಗಿಯಾಗಿ ಹಿಡಿದರೆ ಗೇರ್ ಬಿದ್ದಂತೆ ಅನ್ನಿಸಿದರೂ ಪೂರ್ತಿ ಬಿದ್ದಿರುವುದಿಲ್ಲ. ಅರ್ಧ ಕೂಡಿದ ಹಲ್ಲು ಭಾರ ಹೊರುವಾಗ ಮೂಲೆ ಕಳೆದುಕೊಳ್ಳುತ್ತದೆ, ಆಗ ನಿಜವಾಗಿಯೂ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ.

ಬುಷ್ ಯಾವುದರಿಂದ ಮಾಡಿದ್ದು ಎಂಬುದೂ ಮುಖ್ಯ. ಹಿತ್ತಾಳೆಯದು ಹೆಚ್ಚು ಕಾಲ ಬಾಳುತ್ತದೆ ಎಂದು ಕೆಲವರು ಹಾಕಿಸುತ್ತಾರೆ. ಬಾಳುತ್ತದೆ, ನಿಜ; ಆದರೆ ರಬ್ಬರನ್ನು ಕಂಪನಿಯವರು ಹಾಕಿದ್ದು ಜಿಪುಣತನಕ್ಕಲ್ಲ, ಎಂಜಿನ್ನಿನ ನಡುಕ ಲಿವರಿನ ಮೂಲಕ ಅಂಗೈಗೆ ಬಾರದಿರಲೆಂದು. ರಬ್ಬರ್ ಇದ್ದ ಕಡೆಯೆಲ್ಲ ಹಿತ್ತಾಳೆ ಹಾಕಿದ ಕಾರಿನ ಗುಬುಟನ್ನು ಸಿಗ್ನಲ್ಲಿನಲ್ಲಿ ಹಿಡಿದರೆ ಹಿಟ್ಟಿನ ಗಿರಣಿಯ ಕಂಬ ಹಿಡಿದಂತಾಗುತ್ತದೆ. ನೈಲಾನ್ ಇದ್ದ ಜಾಗಕ್ಕೆ ನೈಲಾನ್ ಅಥವಾ ಡೆಲ್ರಿನ್, ರಬ್ಬರ್ ಇದ್ದ ಜಾಗಕ್ಕೆ ರಬ್ಬರ್ ಅಥವಾ ಮೆತ್ತಗಿನ ಪಾಲಿಯುರೆಥೇನ್ ಸಾಕು. ರಬ್ಬರಿಗೆ ಸಾಮಾನ್ಯ ಗ್ರೀಸ್ ಬಳಿದರೆ ಅದು ಉಬ್ಬಿ ಕೆಡುತ್ತದೆ, ಸಿಲಿಕೋನ್ ಗ್ರೀಸನ್ನೇ ಬಳಸಬೇಕು.

ಆದರೆ ನನ್ನ ದೂರಿನ ತಿರುಳು ಗ್ರಾಹಕರ ಮೇಲೂ ಅಲ್ಲ, ಕಿಟ್ ಮಾರುವವರ ಮೇಲೂ ಅಲ್ಲ. ನೂರೈವತ್ತು ರೂಪಾಯಿಯ ಬಳೆಗೆ ಹದಿನಾಲ್ಕು ಸಾವಿರದ ಬಿಲ್ಲು ಏಕೆ ಬರುತ್ತದೆ ಎಂಬುದು ಪ್ರಶ್ನೆ. ಕೆಲವು ಮಾದರಿಗಳಲ್ಲಿ ಬುಷ್‌ಗೆ ಪ್ರತ್ಯೇಕ ಬಿಡಿಭಾಗ ಸಂಖ್ಯೆ ಇರುತ್ತದೆ, ಆಗ ತೊಂದರೆಯಿಲ್ಲ. ಉಳಿದ ಅನೇಕ ಮಾದರಿಗಳಲ್ಲಿ ಅದು ಕೇಬಲಿನ ಜೊತೆಗೇ ಬೆಸೆದುಕೊಂಡ ಭಾಗವೆಂದು ಪಟ್ಟಿಯಲ್ಲಿ ಇರುವುದರಿಂದ, ಬುಷ್ ಸವೆದರೆ ಕೇಬಲ್, ಕೇಬಲ್ ಎಂದರೆ ಜೋಡಿ ಕೇಬಲ್, ಕೆಲವೆಡೆ ಲಿವರ್ ಸಮೇತ ಪೂರ್ತಿ ಸೆಟ್ ಕೊಳ್ಳಬೇಕಾಗುತ್ತದೆ. ಕೌಂಟರಿನಲ್ಲಿ ಕೂತವರನ್ನು ಬೈದು ಪ್ರಯೋಜನವಿಲ್ಲ. ಅವರ ಕಂಪ್ಯೂಟರಿನಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ತಂದಾರು? ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ, ಬಿಡಿಭಾಗಗಳನ್ನೂ ದುರಸ್ತಿ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿದ್ದು ಓದುಗರಿಗೆ ನೆನಪಿರಬಹುದು. ಅದು ಆಮೇಲೆ ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ಉಪಕರಣಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ದುರಸ್ತಿಯ ಹಕ್ಕಿನ ಜಾಲತಾಣವೂ ಬಂತು. ಇವೆರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಬಿಡಿಭಾಗವನ್ನು ಯಾರಿಗೆ ಮಾರಬೇಕು ಎಂಬ ಚರ್ಚೆಯ ನಡುವೆ, ಯಾವುದನ್ನು ಬಿಡಿಭಾಗ ಎಂದು ಕರೆಯಬೇಕು ಎಂಬ ಪ್ರಶ್ನೆ ಮರೆತುಹೋಗಿದೆ. ಸಂಖ್ಯೆಯೇ ಇಲ್ಲದ ಭಾಗವನ್ನು ಮುಕ್ತ ಮಾರುಕಟ್ಟೆಯಲ್ಲೂ ಕೊಳ್ಳಲಾಗದು. ಸವೆಯಲೆಂದೇ ಇಟ್ಟ ಬುಷ್, ವಾಷರ್, ಸೀಲುಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಮತ್ತು ಬೆಲೆ ಇರಲೇಬೇಕು ಎಂಬ ಒಂದು ಸಾಲು ನಿಯಮದಲ್ಲಿ ಸೇರಿದರೆ ಸಾಕು. ನಮ್ಮ ರಾಜ್ಯದ ಸಂಸದರಲ್ಲಿ ಯಾರಾದರೊಬ್ಬರು ಇದನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ಕೇಳಬಹುದು.

ಅಲ್ಲಿಯವರೆಗೆ ನಮಗೆ ಇರುವುದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಮತ್ತು ಊರೂರಿನ ಲೇತ್‌ಗಳು. ಜೆ.ಸಿ. ರಸ್ತೆಯಲ್ಲಿ ಹಳೆಯ ಬುಷ್ ತೋರಿಸಿ ಕೇಳಿದರೆ ಅದೇ ಅಳತೆಯ ಬೇರೆ ಕಾರಿನ ಬುಷ್ ಹುಡುಕಿಕೊಡುವ ಹಿರಿಯರಿದ್ದಾರೆ. ಅವರ ಆ ಜ್ಞಾನ ಯಾವ ಪಟ್ಟಿಯಲ್ಲೂ ಅಚ್ಚಾಗಿಲ್ಲ. ನಮ್ಮ ಐಟಿಐಗಳಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ, ಪಕ್ಕದ ಕೊಠಡಿಯಲ್ಲೇ ಟರ್ನರ್, ಅಂದರೆ ಲೇತ್ ಕೆಲಸದ, ತರಬೇತಿಯೂ ಇರುತ್ತದೆ. ಸವೆದ ಬುಷ್ ಅಳೆದು, ನಕ್ಷೆ ಬರೆದು, ಡೆಲ್ರಿನ್‌ನಲ್ಲಿ ಕಡೆದು, ಕಾರಿಗೆ ಕೂರಿಸುವ ಒಂದು ಪ್ರಯೋಗವನ್ನು ಎರಡೂ ತರಗತಿಯ ಹುಡುಗರು ಸೇರಿ ಮಾಡುವಂತಾದರೆ ಎಷ್ಟು ಚೆನ್ನ ಎಂದು ಸೇವೆಯಲ್ಲಿದ್ದಾಗಲೇ ಹೇಳುತ್ತಿದ್ದೆ. ಪಠ್ಯಕ್ರಮದಲ್ಲಿ ಇಲ್ಲ ಎಂದು ಆಗ ಹೇಳಿದರು, ಈಗಲೂ ಅದನ್ನೇ ಹೇಳಿಯಾರು.

ಹೊಸ ಕಾರು ಕೊಂಡು ವಾರಂಟಿ ಇನ್ನೂ ಇರುವವರಿಗೆ ಒಂದು ಮಾತು: ಶಾರ್ಟ್ ಶಿಫ್ಟರ್ ಹಾಕಿಸಿದ ಮೇಲೆ ಕ್ಲಚ್ಚಿಗೋ ಗೇರ್ ಬಾಕ್ಸಿಗೋ ತೊಂದರೆ ಬಂದು ವಾರಂಟಿಯಲ್ಲಿ ಮಾಡಿಕೊಡಿ ಎಂದು ಹೋದರೆ ಜಗಳಕ್ಕೆ ಕಾರಣ ಸಿಕ್ಕಂತೆ. ಹಾಕಿಸುವ ಮೊದಲೇ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳುವುದು ಮೇಲು, ತೆಗೆದ ಮೂಲ ಲಿವರನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಡುವುದು ಇನ್ನೂ ಮೇಲು.

ಕೊನೆಯದಾಗಿ ಒಂದು ತಿದ್ದುಪಡಿ. ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಎರಡು ಲಿವರ್‌ಗಳನ್ನು ತಲೆಕೆಳಗಾಗಿ ನಿಲ್ಲಿಸಲಾಗಿದೆ. ತಿರುಪಿನ ಸುತ್ತುಗಳಿರುವ ತುದಿ, ಅಂದರೆ ಗುಬುಟು ತಿರುಗಿಸಿ ಕೂರಿಸುವ ತುದಿ, ಕೆಳಗೆ ಬಂದಿದೆ. ಕೇಬಲ್ ಸೇರುವ ತುದಿ ಮೇಲಾಗಿದೆ. ಹಾಗೆ ನೋಡಿದವರಿಗೆ ಉದ್ದ ಮಾಡಿದ್ದು ಕೈ ಹಿಡಿಯುವ ಭಾಗವನ್ನು ಎಂದು ಅನ್ನಿಸುತ್ತದೆ, ಆಗ ಓಟ ಕಡಿಮೆಯಾಗುವ ಬದಲು ಹೆಚ್ಚಾಗಬೇಕು. ಮುಂದಿನ ಭಾನುವಾರದ ಸಂಚಿಕೆಯಲ್ಲಿ ಚಿತ್ರವನ್ನು ತಿರುಗಿಸಿ ಮರುಮುದ್ರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಅಧ್ಯಾಪಕ, ಶಿವಮೊಗ್ಗ